ಮಳೆಗೆ ಮುನ್ನ ಮುರುಗಲು ಹಣ್ಣಿನ ಸಂರಕ್ಷಣೆ

ಕುಮಟಾ ತಾಲೂಕಿನ ಮಿರ್ಜಾನ ಹಾಗೂ ಅಘನಾಶಿನಿ ಕಣಿವೆಯ ರೈತರಿಗೆ ಮುರುಗಲು ಚಿರಪರಿಚಿತ ಮರ. ದಕ್ಷಿಣ ಕನ್ನಡದಲ್ಲಿ ಇದನ್ನೇ ಪುನರ್ಪುಳಿ ಎನ್ನುವರು. ಬೇಸಿಗೆಯ ದಾಹಕ್ಕೆ ಪಾನಕವಾಗಿ, ಪಿತ್ತಕ್ಕೆ ಮನೆಮದ್ದಾಗಿ ಇದು ಬಳಕೆಯಲ್ಲಿದೆ. ಹಣ್ಣು ಮುಖ್ಯವಾಗಿ ಏಪ್ರಿಲ್-ಮೇ ತಿಂಗಳಲ್ಲಿ ಮಾಗುತ್ತದೆ. ಸಿಪ್ಪೆ ಒಣಗಲು ಸುಮಾರು ಒಂದು ವಾರದ ಒಳ್ಳೆಯ ಬಿಸಿಲು ಬೇಕು. ಆದರೆ ಸಾಮಾನ್ಯವಾಗಿ ಜೂನ್ ಮೊದಲ ವಾರದಲ್ಲಿ ಮುಂಗಾರು ಕರಾವಳಿ ಮುಟ್ಟುತ್ತದೆ. ಕೊನೆಯ ಕೊಯ್ಲಿನ ಸಿಪ್ಪೆ ಅರೆ ಒಣಗಿದಾಗಲೇ ಬೂಷ್ಟು ಹಿಡಿದು ಹಾಳಾಗುವುದುಂಟು. ಬಿಸಿಲನ್ನೇ ನಂಬದೆ ಈ ಹಣ್ಣನ್ನು ಉಳಿಸಿಕೊಳ್ಳಲು ಸಕ್ಕರೆ ಮತ್ತು ಉಪ್ಪು ಸಾಕು.

ತತ್ವವೇನು?

ವಿನೆಗರ್ ಆಗಬೇಕಾದರೆ ಹಣ್ಣಿನ ಸಕ್ಕರೆ ಮೊದಲು ಮದ್ಯಸಾರವಾಗಿ, ಅನಂತರ ಅಸಿಟಿಕ್ ಆಮ್ಲವಾಗಿ ಮಾರ್ಪಡಬೇಕು. ಮುರುಗಲಿಗೆ ಈ ಹುಳಿ ಬರಿಸುವ ಕೆಲಸವಿಲ್ಲ. ಸಿಪ್ಪೆಯಲ್ಲೇ ಹೈಡ್ರಾಕ್ಸಿಸಿಟ್ರಿಕ್ ಆಮ್ಲವಿದೆ. ಸಕ್ಕರೆ ಅಥವಾ ಉಪ್ಪು ಸಿಪ್ಪೆಯ ರಸವನ್ನು ಹೊರಗೆಳೆಯುತ್ತದೆ, ಕೆಡಿಸುವ ಸೂಕ್ಷ್ಮಜೀವಿಗಳನ್ನೂ ತಡೆಯುತ್ತದೆ. ಆದ್ದರಿಂದ ಉಳಿತಾಯಕ್ಕೆಂದು ಇವುಗಳ ಪ್ರಮಾಣವನ್ನು ಕಡಿಮೆ ಮಾಡಬಾರದು.

ಸಿರಪ್ ತಯಾರಿಕೆ

1. ಚೆನ್ನಾಗಿ ಮಾಗಿದ, ಕೊಳೆಯದ ಹಣ್ಣನ್ನು ತೊಳೆದು ನೀರಿನ ಪಸೆ ಒರೆಸಬೇಕು.
2. ಎರಡು ಹೋಳು ಮಾಡಿ ಬೀಜ, ತಿರುಳು ಬೇರ್ಪಡಿಸಬೇಕು.
3. ಗಾಜಿನ ಅಥವಾ ಪಿಂಗಾಣಿ ಭರಣಿಯಲ್ಲಿ 1 ಕೆ.ಜಿ. ಸಿಪ್ಪೆಗೆ 2 ಕೆ.ಜಿ. ಸಕ್ಕರೆಯಂತೆ ಒಂದರ ಮೇಲೊಂದು ಪದರ ಹಾಕಬೇಕು. ಮೇಲಿನ ಪದರ ಸಕ್ಕರೆಯದೇ ಆಗಿರಲಿ.
4. ಬಾಯಿಗೆ ಬಟ್ಟೆ ಕಟ್ಟಿ, ದಿನಕ್ಕೊಮ್ಮೆ ಒಣ ಸೌಟಿನಿಂದ ಕದಡಬೇಕು. 8-10 ದಿನಗಳಲ್ಲಿ ಸಕ್ಕರೆ ಕರಗಿ ಕೆಂಪು ರಸ ನಿಲ್ಲುತ್ತದೆ. ಇದನ್ನು ಕುದಿಸಬಾರದು, ಬಣ್ಣ ಕೆಡುತ್ತದೆ.
5. ಸೋಸಿ, ಬಿಸಿನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿದ ಬಾಟಲಿಗಳಲ್ಲಿ ತುಂಬಿ, ತಂಪಾದ ಕತ್ತಲ ಜಾಗದಲ್ಲಿಡಬೇಕು.

ಒಂದು ಪಾಲು ಸಿರಪ್‌ಗೆ ಐದಾರು ಪಾಲು ನೀರು, ಚಿಟಿಕೆ ಉಪ್ಪು, ಹುರಿದ ಜೀರಿಗೆ ಪುಡಿ ಸೇರಿಸಿದರೆ ಪಾನಕ ಸಿದ್ಧ.

ಉಪ್ಪುರಸ

ಸಕ್ಕರೆಯ ಖರ್ಚು ಬೇಡವೆನ್ನುವವರು 1 ಕೆ.ಜಿ. ಸಿಪ್ಪೆಗೆ 150-200 ಗ್ರಾಂ ಉಪ್ಪು ಬೆರೆಸಿ, ದಿನವೂ ಕದಡುತ್ತ ಒಂದು ವಾರ ಇಟ್ಟು ಸೋಸಬಹುದು. ಈ ರಸ ಸಾರಿಗೆ, ತೆಂಗಿನಹಾಲಿನ ಕಡಿಗೆ, ಮೀನಿನ ಪದಾರ್ಥಕ್ಕೆ ಹುಳಿಯಾಗಿ ಒದಗುತ್ತದೆ.

ಗಮನಿಸಬೇಕಾದ ಅಂಶಗಳು

ತಾಮ್ರ, ಹಿತ್ತಾಳೆ, ಕಬ್ಬಿಣ, ಅಲ್ಯೂಮಿನಿಯಂ ಪಾತ್ರೆ ಬಳಸಬಾರದು. ಹುಳಿ ಲೋಹವನ್ನು ತಿನ್ನುತ್ತದೆ. ನೊರೆ, ಬೂಷ್ಟು ಅಥವಾ ಹೆಂಡದ ವಾಸನೆ ಕಂಡರೆ ರಸವನ್ನು ಚೆಲ್ಲಬೇಕು. ಸಕ್ಕರೆ ಕಾಯಿಲೆಯವರಿಗೆ ಸಿರಪ್, ರಕ್ತದ ಒತ್ತಡವುಳ್ಳವರಿಗೆ ಉಪ್ಪುರಸ ತಕ್ಕದ್ದಲ್ಲ. ಪಾನಕ ದಾಹ ತಣಿಸುತ್ತದೆ. ವೈದ್ಯರು ಕೊಟ್ಟ ಔಷಧಿಗೆ ಬದಲಿಯಲ್ಲ.

ಬೇರ್ಪಡಿಸಿದ ಬೀಜವನ್ನು ಎಸೆಯಬಾರದು. ತೊಳೆದು ಒಣಗಿಸಿ, ಕುಟ್ಟಿ, ನೀರಿನಲ್ಲಿ ಕುದಿಸಿದರೆ ಕೊಬ್ಬು ಮೇಲೆ ತೇಲುತ್ತದೆ, ಆರಿದಾಗ ಗಟ್ಟಿಯಾಗುತ್ತದೆ. ಒಡೆದ ಹಿಮ್ಮಡಿಗೆ ಹಚ್ಚುವ ಮುರುಗಲ ತುಪ್ಪ ಇದೇ.

ಮೊದಲ ಕೊಯ್ಲಿನ ಸಿಪ್ಪೆಯನ್ನು ಬಿಸಿಲಿಗೆ, ಮೇ ಕೊನೆಯ ಕೊಯ್ಲನ್ನು ನೇರವಾಗಿ ಭರಣಿಗೆ ಹಾಕುವುದು ಲೇಸು. ಮೋಡ ಕವಿದ ಮೇಲೆ ಸಕ್ಕರೆ ತರಲು ಪೇಟೆಗೆ ಓಡುವ ಬದಲು, ಭರಣಿ, ಸಕ್ಕರೆ, ಉಪ್ಪನ್ನು ಮೊದಲೇ ಸಿದ್ಧವಿಟ್ಟುಕೊಂಡರೆ ಒಂದು ಬುಟ್ಟಿ ಹಣ್ಣೂ ವ್ಯರ್ಥವಾಗದು.