ಬೃಹತ್ ಸಂಸ್ಥೆಯಲ್ಲಿ ಕಾಯಕದೃಷ್ಟಿ

ಶರಣರ ಕಾಲದಲ್ಲಿ ದುಡಿಯುವವನಿಗೆ ತನ್ನ ದುಡಿಮೆಯ ಆದಿ ಅಂತ್ಯಗಳೆರಡೂ ಕಾಣುತ್ತಿದ್ದುವು. ನುಲಿಯ ಚಂದಯ್ಯನವರು ಹುಲ್ಲನ್ನು ತಾವೇ ಕೊಯ್ದು, ತಾವೇ ಹಗ್ಗ ಹೊಸೆದು, ಅದರಿಂದ ಬಂದುದರಲ್ಲಿ ದಾಸೋಹ ನಡೆಸುತ್ತಿದ್ದರು. ಸಾವಿರಾರು ಜನರು ಕೂಡಿ ದುಡಿಯುವ ಇಂದಿನ ತಂತ್ರಜ್ಞಾನ ಸಂಸ್ಥೆಗಳಲ್ಲಿ ಹಾಗಿಲ್ಲ. ಅಲ್ಲಿ ಒಬ್ಬೊಬ್ಬರ ಪಾಲಿಗೆ ಬರುವುದು ಕೆಲಸದ ಒಂದು ಎಳೆ ಮಾತ್ರ. ಅಂಥ ದುಡಿಮೆಯು ಕಾಯಕವಾಗಬಲ್ಲುದೆ? ಇದನ್ನು ವಿಚಾರಿಸೋಣ.

ಬೆಂಗಳೂರಿನ ಪೂರ್ವಭಾಗಕ್ಕೆ ಈ ಪ್ರಶ್ನೆ ಹೊಸದಲ್ಲ. ಕೃಷ್ಣರಾಜಪುರದ ಬಳಿ 1948ರಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಸ್ಥಾಪಿತವಾಯಿತು. ಅದರ ಸುತ್ತಣ ನೆಲೆಗೆ ದೂರವಾಣಿನಗರವೆಂದೇ ಹೆಸರಾಯಿತು. ಅಲ್ಲಿ ಒಬ್ಬರು ತಂತಿಯ ಸುರುಳಿ ಸುತ್ತಿದರೆ ಮತ್ತೊಬ್ಬರು ಬಿಡಿಭಾಗಗಳನ್ನು ಜೋಡಿಸುವರು, ಮೂರನೆಯವರು ಪರೀಕ್ಷಿಸುವರು. ಬೆಸುಗೆಯೊಂದು ಸಡಿಲವಾದರೆ, ದೂರದ ಊರಿನಲ್ಲಿ ಮಗನ ವಾರ್ತೆಗಾಗಿ ಕಾದಿರುವ ತಾಯಿಗೆ ಕರೆ ಮುಟ್ಟದು. ಬೆಸೆದವರು ಆ ತಾಯಿಯನ್ನು ಎಂದೂ ಕಾಣರು.

1985ರಲ್ಲಿ ಅಮೆರಿಕೆಯ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯು ಬೆಂಗಳೂರಿನಲ್ಲಿ ವಿನ್ಯಾಸಕೇಂದ್ರವನ್ನು ತೆರೆಯಿತು. ಕೆಲಸದ ಫಲವು ಗಾಡಿಯಲ್ಲಿ ಹೋಗದೆ ಉಪಗ್ರಹದ ಮೂಲಕ ಹೋಗತೊಡಗಿತು. ಇಂದು ಹಲಸೂರು, ಇಂದಿರಾನಗರಗಳಿಂದ ಮೆಟ್ರೋ ರೈಲಿನಲ್ಲಿ ವೈಟ್‌ಫೀಲ್ಡಿನ ಕಡೆಗೆ ಹೋಗುವ ತರುಣಿಯೊಬ್ಬಳು ಬರೆಯುವ ಹತ್ತು ಸಾಲು, ಬೇರೆಯವರ ಲಕ್ಷ ಸಾಲುಗಳಲ್ಲಿ ಬೆರೆತುಹೋಗುವುದು. ಯೋಜನೆಯು ನಡುವೆ ನಿಂತರೆ ವರ್ಷದ ಶ್ರಮವೂ ಕಾಣದಾಗುವುದು. ಆಗ ಅಳತೆಗೆ ಉಳಿಯುವುವು ಎರಡೇ: ಸಂಬಳ, ಮತ್ತು ಮೇಲಧಿಕಾರಿಯು ವರ್ಷಕ್ಕೊಮ್ಮೆ ಕೊಡುವ ಶ್ರೇಣಿ. ಅಳತೆಗೋಲು ಪರರ ಕೈಯಲ್ಲಿದ್ದರೆ ತೃಪ್ತಿಯೂ ಪರಾಧೀನವೇ.

ಆದ್ದರಿಂದ ಮೊದಲು ಮಾಡಬೇಕಾದುದು, ತನ್ನ ಎಳೆಯು ಯಾರನ್ನು ಮುಟ್ಟುವುದೆಂದು ಅರಿಯುವುದು. ಆಸ್ಪತ್ರೆಯ ಲೆಕ್ಕವೋ, ರೈತನ ಬ್ಯಾಂಕಿನ ಹಣವೋ, ಯಾವುದೋ ಒಂದು ಜೀವ ಅದರ ಕೊನೆಯಲ್ಲಿ ಇದ್ದೇ ಇರುವುದು. ಕಾಣದ ಆ ಜೀವಕ್ಕಾಗಿ, ನೋಡುವವರಿಲ್ಲದಾಗಲೂ, ದೋಷವಿಲ್ಲದೆ ಮಾಡುವುದೇ ಸತ್ಯಶುದ್ಧ ಕಾಯಕ. ಆ ಕೊನೆಯಲ್ಲಿ ಕೇಡು ಕಂಡುಬಂದರೆ ಹಾಗೆಂದು ಹೇಳುವುದೂ ಅದರ ಭಾಗವೇ.

ಎರಡನೆಯದು ಮಿತಿ. ಆಯ್ದಕ್ಕಿ ಮಾರಯ್ಯನವರು ಕಲ್ಯಾಣದಲ್ಲಿ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದರು. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಪತ್ನಿ ಲಕ್ಕಮ್ಮನವರು ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಕಳುಹಿದರು. ಈ ಕಥೆಯನ್ನು ಎಲ್ಲರೂ ಬಲ್ಲರು. ಆದರೆ ಒಂದಂಶವನ್ನು ಗಮನಿಸಬೇಕು. ಸಾಕೆಂಬ ಮಾತನ್ನು ಆಡಿದವರು ಕಣಜದ ಒಡೆಯರಲ್ಲ, ಆಯ್ದವರ ಮನೆಯವರು. ಮಿತಿಯು ದುಡಿಯುವವರು ತಮಗೆ ತಾವೇ ಹಾಕಿಕೊಳ್ಳುವ ವ್ರತ. ಮಾಲಿಕನು ಕೂಲಿಕಾರನಿಗೆ ಅದನ್ನು ಬೋಧಿಸಿದರೆ ಅದು ಲೋಭದ ಮರೆಯಾಗುವುದು. 1980ರ ಡಿಸೆಂಬರಿನಿಂದ 1981ರ ಮಾರ್ಚಿಯವರೆಗೆ ದೂರವಾಣಿನಗರವೂ ಸೇರಿದಂತೆ ಬೆಂಗಳೂರಿನ ಸರಕಾರಿ ಉದ್ಯಮಗಳ ಕಾರ್ಮಿಕರು 77 ದಿನ ಮುಷ್ಕರ ಹೂಡಿ ವೇತನದಲ್ಲಿ ನ್ಯಾಯ ಕೇಳಿದುದು ಕಾಯಕಕ್ಕೆ ವಿರೋಧವೆನಿಸದು.

ದುಡಿಮೆಯ ಹೊತ್ತಿಗೂ ಈ ಮಾತು ಸಲ್ಲುವುದು. ತರುಣರು ವಾರಕ್ಕೆ 70 ಗಂಟೆ ದುಡಿಯಬೇಕೆಂದು ಇನ್ಫೋಸಿಸ್ ಸಂಸ್ಥಾಪಕರಲ್ಲೊಬ್ಬರಾದ ನಾರಾಯಣಮೂರ್ತಿಯವರು 2023ರಲ್ಲಿ ಹೇಳಿದಾಗ ದೇಶದಲ್ಲೆಲ್ಲ ಚರ್ಚೆಯಾಯಿತು. ಅವರವರ ವಾದ ಅವರವರಿಗಿರಲಿ. ದುಡಿಮೆಯನ್ನು ಹಿರಿದೆಂದ ಶರಣರನ್ನು ಮಾತ್ರ ಇದಕ್ಕೆ ಸಾಕ್ಷಿಯಾಗಿ ಯಾರೂ ಕರೆಯಲಾಗದು. ಅವರಲ್ಲಿ ಕಾಯಕದ ಬೆನ್ನಿಗೆ ದಾಸೋಹವಿತ್ತು. ವೃದ್ಧ ತಂದೆತಾಯಿಗಳಿಗೆ, ನೆರೆಯವರಿಗೆ, ಕೊಡಲು ಒಂದು ಗಳಿಗೆಯನ್ನೂ ಉಳಿಸದ ದುಡಿಮೆಯು ದಾಸೋಹವನ್ನು ನುಂಗಿದ ಕಾಯಕ.

ಮೂರನೆಯದು ಹೆಸರು. ನುಲಿಯ ಚಂದಯ್ಯ, ಮಡಿವಾಳ ಮಾಚಯ್ಯ, ಆಯ್ದಕ್ಕಿ ಮಾರಯ್ಯ: ಶರಣರು ಹೆಸರಾದುದು ಕಾಯಕದಿಂದ, ಒಡೆಯರಿಂದಲ್ಲ. ಇಂದಿನ ತರುಣರು ತಾವು ಯಾರೆಂದು ಕೇಳಿದರೆ ಸಂಸ್ಥೆಯ ಹೆಸರನ್ನು ಹೇಳುವರು. ಸಂಸ್ಥೆಗಳು ಸ್ಥಿರವಲ್ಲ. ನಾಡಿಗೆಲ್ಲ ದೂರವಾಣಿ ಕೊಟ್ಟ ಕಾರ್ಖಾನೆಯ ಕೆಲಸವೇ ಕಾಲಾಂತರದಲ್ಲಿ ಕುಗ್ಗಿತು. ಒಂದು ಪತ್ರದಿಂದ ನೌಕರಿ ಹೋಗಬಹುದು. ಕೈಯ ಕುಶಲತೆ, ಮನದ ಪ್ರಾಮಾಣಿಕತೆ ಹೋಗವು.

ವಾಚಕರು ದಿನದ ಕೆಲಸ ಮುಗಿದಾಗ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಲಿ. ಇಂದಿನ ನನ್ನ ಕೆಲಸ ಯಾರನ್ನು ಮುಟ್ಟಿತು? ಎಷ್ಟಕ್ಕೆ ಸಾಕೆಂದೆ? ಸಂಸ್ಥೆಯ ಹೆಸರನ್ನು ಬದಿಗಿಟ್ಟರೆ ನಾನು ಯಾರು? ಉತ್ತರ ಹೇಳಬಲ್ಲವರಿಗೆ ಎಷ್ಟು ದೊಡ್ಡ ಸಂಸ್ಥೆಯಾದರೂ ಕಾಯಕದ ನೆಲೆಯಾಗುವುದು.