ಕಡಲಹೂವು ಹಸಿದಿತ್ತು

ಅಕ್ಕ, ನಾವು ಕನಕಪುರ ತಾಲ್ಲೂಕಿನವರು. ಎರಡು ಎಕರೆ ಹಿಪ್ಪುನೇರಳೆ ಇದೆ, ರೇಷ್ಮೆಯೇ ನಮ್ಮ ಬದುಕು. ಮಗ ಮೊದಲ ವರ್ಷದ ಪಿಯುಸಿ. ಚಿಕ್ಕಂದಿನಿಂದ ಅವನಿಗೆ ಮೀನಿನ ಹುಚ್ಚು. ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆ ಅಂಕ ಬಂತು ಅಂತ ಅವರಪ್ಪ ಗೂಡು ಮಾರಿದ ದುಡ್ಡಲ್ಲಿ ಮೂರಡಿ ಗಾಜಿನ ತೊಟ್ಟಿ ಕೊಡಿಸಿದರು, ಉಪ್ಪುನೀರಿನದು. ಬೆಂಗಳೂರಿಂದ ಎರಡು ನೀಮೋ ಮೀನು ತಂದ. ತಿಂಗಳಾದ ಮೇಲೆ ಒಂದು ಕಡಲಹೂವು, ಅನಿಮೋನ್ ಅಂತಾರಲ್ಲ, ಅದನ್ನೂ ತಂದ. ಹಾಲಿನಷ್ಟು ಬಿಳುಪು, ನೋಡೋಕೆ ಬಲು ಚೆಂದ ಇತ್ತು. ನೀರು ಇಳಿದಾಗಲೆಲ್ಲ ಬೋರ್ ನೀರಿಗೆ ಅಂಗಡಿಯವರು ಕೊಟ್ಟ ಉಪ್ಪು ಕಲಸಿ ತುಂಬುತ್ತಿದ್ದೆವು. ಹದಿನೆಂಟನೇ ದಿನಕ್ಕೆ ಹೂವು ಕರಗಿ, ನೀರೆಲ್ಲ ನಾರಿ, ಒಂದು ಮೀನೂ ಹೋಯಿತು. ಮಗ ಸರಿಯಾಗಿ ಊಟ ಮಾಡುತ್ತಿಲ್ಲ. ಹೂವಿಲ್ಲದಿದ್ದರೆ ಉಳಿದ ಮೀನೂ ಸಾಯುತ್ತೆ, ಬೇರೆ ತರಲೇಬೇಕು ಅಂತಾನೆ. ನಮ್ಮ ಯಜಮಾನರು ತೊಟ್ಟಿ ಎತ್ತಿ ಆಚೆ ಇಡು ಅಂತಾರೆ. ನಮ್ಮ ಬೋರಿನ ನೀರೇ ಅದನ್ನು ಕೊಂದಿತಾ? ಜೀವ ತಂದು ಕೊಂದ ಪಾಪ ಅಂತ ನನಗೂ ನಿದ್ದೆ ಬರುತ್ತಿಲ್ಲ.
— ಒಬ್ಬ ತಾಯಿ, ಕನಕಪುರ

ತಂಗೀ,

ಇದನ್ನು ಓದುವಾಗ ಮಗನನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಅವನಿಗೆ ಮೊದಲು ತಿಳಿಯಬೇಕಾದ್ದು ಇಷ್ಟು: ಹೂವಿಲ್ಲ ಅಂತ ಉಳಿದ ಮೀನು ಸಾಯುವುದಿಲ್ಲ. ಕಡಲಲ್ಲಿ ಕ್ಲೌನ್ ಮೀನಿಗೆ, ಅಂದರೆ ನಿಮ್ಮ ನೀಮೋಗೆ, ಅನಿಮೋನ್ ಬೇಕೇ ಬೇಕು. ಅದು ಚುರುಕಾಗಿ ಈಜಲಾರದ ಮೀನು. ದೊಡ್ಡದೊಂದು ಅಟ್ಟಿಸಿಕೊಂಡು ಬಂದರೆ ಚುಚ್ಚುವ ಆ ಎಳೆಗಳ ನಡುವೆ ನುಗ್ಗಿ ಕೂರುತ್ತದೆ, ಮೈಮೇಲಿನ ಲೋಳೆ ಅದನ್ನು ಚುಚ್ಚಿನಿಂದ ಕಾಯುತ್ತದೆ. ನಿಮ್ಮ ತೊಟ್ಟಿಯಲ್ಲಿ ಅದನ್ನು ನುಂಗಲು ಬರುವವರು ಯಾರಿದ್ದಾರೆ? ತಮಿಳುನಾಡಿನ ಮಂಡಪಂನಲ್ಲಿ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಒಂದು ಕೇಂದ್ರವಿದೆ. ಈ ಮೀನುಗಳನ್ನು ತೊಟ್ಟಿಯಲ್ಲೇ ಮೊಟ್ಟೆ ಇಡಿಸಿ ಮರಿ ಬೆಳೆಸುವ ವಿಧಾನವನ್ನು ಅಲ್ಲಿ ರೂಪಿಸಿ ಎಷ್ಟೋ ವರ್ಷಗಳಾದವು. ಹಾಗೆ ಹುಟ್ಟಿದ ಮರಿಗಳು ಅನಿಮೋನ್ ಮುಖವನ್ನೇ ಕಾಣದೆ ಸುಖವಾಗಿ ಬಾಳುತ್ತವೆ. ಎಷ್ಟೋ ಮನೆಗಳಲ್ಲಿ ಅವು ತೊಟ್ಟಿಯ ಒಂದು ಮೂಲೆಯನ್ನೋ ಕಲ್ಲಿನ ಸಂದನ್ನೋ ಮನೆ ಮಾಡಿಕೊಂಡು ಅಲ್ಲೇ ಮೈಯುಜ್ಜುತ್ತಾ ಮಲಗುತ್ತವೆ. ಹಾಗಾಗಿ ಈಗ ಹೊಸ ಹೂವು ಬೇಡ. ಎಂದಿಗೆ ತರಬಹುದು ಅನ್ನುವುದನ್ನು ಆಮೇಲೆ ಹೇಳುತ್ತೇನೆ.

ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು "ಹಾಲಿನಷ್ಟು ಬಿಳುಪು" ಅನ್ನುವ ಮಾತು. ನೀವು ಹುಳು ಸಾಕುವವರು. ಸುಣ್ಣಕಟ್ಟು ರೋಗ ಬಂದ ಹುಳು ಬೆಳ್ಳಗೆ ಸುಣ್ಣದ ಕಡ್ಡಿಯಂತೆ ಸೆಟೆದುಕೊಳ್ಳುತ್ತದಲ್ಲ, ಅದನ್ನು ನೋಡಿ ಎಂದಾದರೂ ಚೆಂದ ಅಂದಿದ್ದೀರಾ? ಈ ಬಿಳುಪೂ ಅಂಥದ್ದೇ. ಆರೋಗ್ಯವಾದ ಅನಿಮೋನ್ ಸಾಮಾನ್ಯವಾಗಿ ಕಂದು, ಹಸಿರು, ಜೇನಿನ ಬಣ್ಣ. ಅದರ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿಕೋಶಗಳು ಲಕ್ಷಗಟ್ಟಲೆ ಇರುತ್ತವೆ. ಬೆಳಕು ಹಿಡಿದು ಅವು ಅಡುಗೆ ಮಾಡುತ್ತವೆ, ಅನಿಮೋನ್ ಅದನ್ನು ಉಣ್ಣುತ್ತದೆ. ನೀರು ಬಿಸಿಯಾದರೆ, ಕತ್ತಲಲ್ಲಿ ದಿನಗಟ್ಟಲೆ ಡಬ್ಬದಲ್ಲಿ ಪಯಣ ಮಾಡಿದರೆ, ಆ ಪಾಚಿ ಮೈಬಿಟ್ಟು ಹೋಗುತ್ತದೆ. ಆಮೇಲೆ ಉಳಿಯುವುದು ಬಿಳಿ ಚರ್ಮ, ಖಾಲಿ ಅಡುಗೆಮನೆ. ನಿಮ್ಮ ಮನೆಗೆ ಬರುವ ಮೊದಲೇ ಅದು ಹಸಿದು ಸೊರಗಿತ್ತು. ಇದರಲ್ಲಿ ಹುಡುಗನ ತಪ್ಪಿಲ್ಲ. ಬಿಳಿಯದನ್ನು ಕೊಳ್ಳಬಾರದು ಅಂತ ಯಾರೂ ಅವನಿಗೆ ಹೇಳಿರಲಿಲ್ಲ. ಕಣ್ಣು ಕೋರೈಸುವ ನೀಲಿ, ಹಳದಿ ಬಣ್ಣದವೂ ಮಾರಾಟಕ್ಕೆ ಬರುತ್ತವೆ. ಸೊರಗಿ ಬೆಳ್ಳಗಾದದ್ದಕ್ಕೆ ಬಣ್ಣ ಕುಡಿಸಿರುವುದೂ ಉಂಟು, ಅವುಗಳಿಂದಲೂ ದೂರವಿರಲಿ.

ಎರಡನೆಯದು ತೊಟ್ಟಿಯ ವಯಸ್ಸು. ಮೀನಿನ ಹೇಲು, ಉಳಿದ ತಿಂಡಿ ಕೊಳೆತು ಅಮೋನಿಯಾ ಆಗುತ್ತದೆ, ಅದು ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಬಗೆ ಅದನ್ನು ನೈಟ್ರೇಟ್ ಮಾಡಿದಾಗ ವಿಷದ ಕಾವು ಇಳಿಯುತ್ತದೆ. ಈ ಎರಡು ಪಡೆಗಳು ಕಲ್ಲು, ಮರಳಿನ ಮೇಲೆ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಅದು ಮೀನಿಗೆ ಸಾಕು. ಅನಿಮೋನ್‌ಗೆ ಆರು ತಿಂಗಳಾದರೂ ತುಂಬಿದ, ಏರುಪೇರಿಲ್ಲದ ತೊಟ್ಟಿ ಬೇಕು, ವರ್ಷವಾದರೆ ಇನ್ನೂ ಮೇಲು. ನಿಮ್ಮದಕ್ಕೆ ಆಗ ತಿಂಗಳು.

ಇನ್ನು ನೀರು. ಬೋರನ್ನೊಂದೇ ದೂರಬೇಡಿ. ತುಂಬಿದ ರೀತಿಯಲ್ಲೇ ದೊಡ್ಡ ತಪ್ಪಿದೆ. ಮಗನ ಕೈಗೆ ಪೆನ್ನು ಕೊಡಿ, ಲೆಕ್ಕ ಹಾಕಲಿ. ಮೂರಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿಗೆ ಸುಮಾರು 190 ಲೀಟರ್ ಹಿಡಿಯುತ್ತದೆ, ಕಲ್ಲು ಮರಳು ಕಳೆದರೆ 160 ಅಂದುಕೊಳ್ಳೋಣ. ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ಬೇಸಗೆಯಲ್ಲಿ ದಿನಕ್ಕೆ ಎರಡು ಲೀಟರ್ ಆವಿಯಾದರೆ ಹೋಗುವುದು ನೀರು ಮಾತ್ರ, ಉಪ್ಪೆಲ್ಲ ಒಳಗೇ ಉಳಿಯುತ್ತದೆ. ಅದರ ಮೇಲೆ ನೀವು ದಿನಕ್ಕೆ 70 ಗ್ರಾಂ ಹೊಸ ಉಪ್ಪು ಸೇರಿಸಿದಿರಿ. ಹದಿನೆಂಟು ದಿನಕ್ಕೆ 1,260 ಗ್ರಾಂ! 35 ಇದ್ದದ್ದು 43ರ ಹತ್ತಿರ ಬಂತು. ಮೀನಿನ ಕಿವಿರು, ಮೂತ್ರಪಿಂಡಗಳು ಇಂಥ ಏರಿಳಿತವನ್ನು ಒಂದಿಷ್ಟು ತಡೆದುಕೊಳ್ಳುತ್ತವೆ. ಅನಿಮೋನ್‌ಗೆ ಅವು ಯಾವುವೂ ಇಲ್ಲ. ಹೊರಗಿನ ನೀರು ಹೇಗೋ ಅದರ ಮೈ ಹಾಗೆ. ಇಳಿದ ನೀರಿಗೆ ಸಿಹಿನೀರನ್ನೇ ತುಂಬಬೇಕು. ಕೊಳೆ ತೆಗೆಯಲು ನೀರು ಬದಲಿಸುವಾಗ ಮಾತ್ರ ಉಪ್ಪುನೀರು. ಗಾಜಿನ ಹೊರಗೆ ಬಣ್ಣದ ಟೇಪಿನಿಂದ ಒಂದು ಗೆರೆ ಎಳೆದಿಡಿ. ದಿನಾ ಸಂಜೆ ಆ ಗೆರೆಯವರೆಗೆ ಸಿಹಿನೀರು ಹಾಕಿದರಾಯಿತು.

ಆ ಸಿಹಿನೀರು ಬೋರಿನದಾಗುವುದು ಬೇಡ. ಕನಕಪುರ, ರಾಮನಗರ, ಮಾಗಡಿ ಎಲ್ಲ ಹಾಸುಬಂಡೆಯ ಸೀಮೆ. ಬಂಡೆಯ ಆಳದಿಂದ ಬರುವ ನೀರು ಗಡಸು, ತೋಟಕ್ಕೆ ಹಾಕಿದ ಗೊಬ್ಬರದ ನೈಟ್ರೇಟೂ ಅದಕ್ಕೆ ಇಳಿದಿರಬಹುದು. ಊರಿನ ಶುದ್ಧ ಕುಡಿಯುವ ನೀರಿನ ಘಟಕದ ಕ್ಯಾನ್ ಎಷ್ಟೋ ವಾಸಿ. ನೀರಲ್ಲಿ ಕರಗಿದ ಲವಣ ತೋರಿಸುವ ಸಣ್ಣ ಟಿಡಿಎಸ್ ಮೀಟರ್ ಒಂದು ಕೊಂಡು ಅಳೆದು ನೋಡಿ. ಮೀನಿಗೆ ಆ ನೀರು ಸಾಕು, ಮುಂದೆ ಅನಿಮೋನ್ ತರುವುದಾದರೆ ಟಿಡಿಎಸ್ ಸೊನ್ನೆಗೆ ಹತ್ತಿರವಿರಬೇಕು. ನೀರು ಬದಲಿಸುವಾಗ ಮಾತ್ರ ಹಾಕುವ ಉಪ್ಪುನೀರಿಗೆ 20 ಲೀಟರ್ ಕ್ಯಾನಿಗೆ ಸುಮಾರು 700 ಗ್ರಾಂ ಅಕ್ವೇರಿಯಂ ಉಪ್ಪನ್ನು ಹಿಂದಿನ ದಿನವೇ ಕಲಸಿ ಪಂಪ್ ಓಡಿಸಿಡಿ. ಅಡುಗೆ ಉಪ್ಪು ಆಗುವುದಿಲ್ಲ, ಕಡಲ ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಅದರಲ್ಲಿ ಇರುವುದಿಲ್ಲ. ಬದಲಿಸಿದ ಉಪ್ಪುನೀರನ್ನು ಹಿಪ್ಪುನೇರಳೆ ಬುಡಕ್ಕೆ ಚೆಲ್ಲಬೇಡಿ, ಬಚ್ಚಲ ಮೋರಿಗೆ ಹೋಗಲಿ.

ಮೀನು ಸತ್ತದ್ದು ಯಾಕೆಂದು ಈಗ ಮಗನಿಗೇ ಹೊಳೆದಿರಬೇಕು. ಅನಿಮೋನ್ ಕರಗಿದಾಗ ಅದರ ಮೈಯೆಲ್ಲ ಒಂದೇ ಸಲ ಅಮೋನಿಯಾ ಆಯಿತು. ಇವತ್ತೇ ಉಪ್ಪುನೀರು ಕಲಸಿಟ್ಟು ನಾಳೆ ಕಾಲು ಭಾಗ ನೀರು ಬದಲಿಸಿ, ಮೂರು ದಿನ ಬಿಟ್ಟು ಇನ್ನೊಮ್ಮೆ. ಹೊಸ ನೀರಿನ ಉಪ್ಪು 35 ಇದ್ದರೆ ಏರಿದ್ದದ್ದು ಒಂದೇ ಏಟಿಗೆ ಕುಸಿಯದೆ ಮೆಲ್ಲಗೆ ಇಳಿಯುತ್ತದೆ. ಫಿಲ್ಟರಿನಲ್ಲಿ ಒಂದು ಚೀಲ ಇದ್ದಿಲು ಇಡಿ. ತಿಂಡಿ ಅರ್ಧಕ್ಕೆ ಇಳಿಸಿ. ಮೀನಿಗೆ ಬಿಳಿ ಚುಕ್ಕೆ ಬಂದರೆ ತಾಮ್ರದ ಔಷಧಿಯನ್ನು ಈ ತೊಟ್ಟಿಗೆ ಸುರಿಯಬೇಡಿ, ಚಿಕಿತ್ಸೆಯನ್ನು ಬೇರೆ ಬಕೆಟ್ಟಿನಲ್ಲಿ ಮಾಡಿ. ಕಲ್ಲು ತಾಮ್ರ ಕುಡಿದುಬಿಟ್ಟರೆ ಮುಂದೆ ಅಲ್ಲಿ ಅನಿಮೋನ್ ಬದುಕದು.

ಮಿಕ್ಕಿದ್ದನ್ನೆಲ್ಲ ನಿಮ್ಮ ಹುಳುಮನೆಯೇ ಹೇಳಿಕೊಡುತ್ತದೆ. ನಾಲ್ಕನೇ ಜ್ವರ, ಅಂದರೆ ನಾಲ್ಕನೇ ಸಲ ಪೊರೆ ಬಿಡುವುದು, ಕಳೆದ ಹುಳುವಿಗೆ 24–25 ಡಿಗ್ರಿ ಇರಲಿ ಅಂತ ಕಿಟಕಿಗೆ ಒದ್ದೆ ಗೋಣಿ ಕಟ್ಟುತ್ತೀರಿ. ಕಡಲ ತೊಟ್ಟಿಗೂ ಬೇಕಾದ್ದು 24ರಿಂದ 27. ಏಪ್ರಿಲ್‌ನಲ್ಲಿ ನಿಮ್ಮ ಕಡೆ ಹೊರಗೆ 35 ದಾಟುತ್ತದೆ. ಗೋಣಿಯ ಉಪಾಯವೇ ಇಲ್ಲೂ ನಡೆಯುತ್ತದೆ: ನೀರಿನ ಮೇಲ್ಮೈಗೆ ಗಾಳಿ ತಾಗುವಂತೆ ಸಣ್ಣ ಫ್ಯಾನ್ ಇಟ್ಟರೆ ಆವಿಯಾಗುತ್ತಾ ಎರಡು ಮೂರು ಡಿಗ್ರಿ ಇಳಿಯುತ್ತದೆ. ಆಗ ಸಿಹಿನೀರು ಇನ್ನಷ್ಟು ಸೇರಿಸಬೇಕು, ಅಷ್ಟೆ. ಹುಳುಮನೆಗೆ ಬ್ಲೀಚಿಂಗ್ ಪೌಡರ್ ಹೊಡೆದ ಕೈ, ತೋಟಕ್ಕೆ ಔಷಧಿ ಹೊಡೆದ ಕೈ ತೊಟ್ಟಿಗೆ ಇಳಿಯಬಾರದು. ಸೊಳ್ಳೆಯ ಸ್ಪ್ರೇ ಆ ಕೋಣೆಯಲ್ಲಿ ಬೇಡ, ಗಾಳಿಯ ಪಂಪ್ ಅದನ್ನು ಎಳೆದು ನೀರಿಗೆ ತುಂಬುತ್ತದೆ. ಕರೆಂಟ್ ಹೋದಾಗ ಓಡುವ ಬ್ಯಾಟರಿ ಏರ್‌ಪಂಪ್ ಒಂದು ಇರಲಿ, ಮೀನಿಗೆ ಮೊದಲು ಕೊರತೆಯಾಗುವುದು ಉಸಿರಿನ ಗಾಳಿ. ವೈರುಗಳು ಪ್ಲಗ್ಗಿಗಿಂತ ಕೆಳಗೆ ಇಳಿದು ಮೇಲೆ ಬರುವಂತೆ ಜೋಲುಬಿಡಿ, ಆಗ ತೊಟ್ಟಿಕ್ಕುವ ಉಪ್ಪುನೀರು ಪ್ಲಗ್ಗಿಗೆ ಇಳಿಯುವುದಿಲ್ಲ.

ಪಾಪದ ಮಾತು ಬರೆದಿದ್ದೀರಿ. ನನ್ನ ಮೊದಲ ಅನಿಮೋನ್ ನನ್ನ ಕೈಯಲ್ಲೇ ಹೋಯಿತು. ಜಾಗ ಒಗ್ಗದಿದ್ದರೆ ಅದು ಪಾದ ಕಿತ್ತು ನಡೆಯುತ್ತದೆ ಅನ್ನುವುದು ನನಗೆ ಗೊತ್ತಿರಲಿಲ್ಲ. ರಾತ್ರಿ ನಡೆದು ಪಂಪಿನ ಬಾಯಿಗೆ ಸಿಕ್ಕಿಕೊಂಡಿತ್ತು. ಪಂಪಿನ ಬಾಯಿಗೆ ಸ್ಪಂಜು ಕಟ್ಟಿದ್ದರೆ ಉಳಿಯುತ್ತಿತ್ತು. ಆ ಸಂಕಟ ಇಂದಿಗೂ ಹೋಗಿಲ್ಲ, ಹೋಗುವುದೂ ಬೇಡ ಅನ್ನಿಸುತ್ತದೆ. ನಿಮ್ಮ ಮಗ ಊಟ ಬಿಟ್ಟಿದ್ದಾನೆ ಅಂದರೆ ಅವನಿಗೆ ಆ ಜೀವ ಆಟದ ಸಾಮಾನಾಗಿರಲಿಲ್ಲ. ಇಂಥ ಹುಡುಗನ ತೊಟ್ಟಿಯನ್ನು ಆಚೆ ಇಡಬೇಡಿ ಅಂತ ಯಜಮಾನರಿಗೆ ನನ್ನ ಪರವಾಗಿ ಹೇಳಿ. ದೊಡ್ಡ ದುಡ್ಡನ್ನೂ ಸದ್ಯಕ್ಕೆ ಕೇಳುತ್ತಿಲ್ಲ. ಆ ಫ್ಯಾನ್, ಏರ್‌ಪಂಪಿನ ಜೊತೆ ನೀರಿನ ಪರೀಕ್ಷೆಯ ಕಿಟ್ಟು, ಉಪ್ಪಿನ ಅಳತೆಯ ರಿಫ್ರಾಕ್ಟೋಮೀಟರ್, ಟಿಡಿಎಸ್ ಮೀಟರ್, ಇಷ್ಟು ಸಾಕು.

ಮಗನಿಗೆ ಒಂದು ಕಥೆ ಹೇಳಿ, ನಡೆದದ್ದು. ಸ್ಕಾಟ್ಲೆಂಡಿನ ಜಾನ್ ಡಾಲಿಯೆಲ್ ಎಂಬುವರು 1828ರಲ್ಲಿ ಕಡಲ ದಂಡೆಯಿಂದ ಒಂದು ಕೆಂಪು ಅನಿಮೋನ್ ತಂದು ಗಾಜಿನ ಪಾತ್ರೆಯಲ್ಲಿಟ್ಟರು. ನೀರು ತಿರುಗಿಸುವ ಪಂಪಿಲ್ಲ, ವಿದ್ಯುತ್ ದೀಪವಿಲ್ಲ, ಕಡಲ ನೀರು ತಂದು ಬದಲಿಸುತ್ತಿದ್ದರು. 1851ರಲ್ಲಿ ಡಾಲಿಯೆಲ್ ತೀರಿಕೊಂಡರು. ಅನಿಮೋನ್ ಒಬ್ಬರ ಕೈಯಿಂದ ಒಬ್ಬರಿಗೆ ದಾಟುತ್ತಾ ನೂರಾರು ಮರಿ ಹಾಕಿ 1887ರವರೆಗೆ ಬಾಳಿತು. ಜನ ಅದನ್ನು ಅಜ್ಜಿ ಅಂತಲೇ ಕರೆಯುತ್ತಿದ್ದರು. ಅದು ತಂಪು ಕಡಲಿನ ಜಾತಿ, ಮೈಯಲ್ಲಿ ಪಾಚಿಯಿಲ್ಲದೆ ಬದುಕುವಂಥದ್ದು, ನಮ್ಮ ಅಂಗಡಿಗಳಿಗೆ ಬರುವುದು ಬೇರೆ. ಆದರೂ ಸಾಕಿದರೆ ಇಷ್ಟು ದೂರ ಬರುವ ಜೀವ ಇದು. ನಿಮ್ಮ ಮನೆಯಲ್ಲಿ ಹದಿನೆಂಟು ದಿನ ಇತ್ತು.

ಹಾಗಾಗಿ ಮಗ ಒಂದು ನೋಟ್‌ಬುಕ್ ಇಡಲಿ. ವಾರಕ್ಕೆರಡು ಸಲ ಉಪ್ಪು, ಉಷ್ಣತೆ, ಅಮೋನಿಯಾ, ನೈಟ್ರೈಟ್, ನೈಟ್ರೇಟ್ ಬರೆಯಲಿ. ಅಮೋನಿಯಾ, ನೈಟ್ರೈಟ್ ಸೊನ್ನೆ, ನೈಟ್ರೇಟ್ ಹತ್ತರ ಆಸುಪಾಸು, ಉಪ್ಪು 35ರಿಂದ ಕದಲದೆ ಆರು ತಿಂಗಳು ಸತತ ನಿಂತು, ನಡುವೆ ಒಂದು ಬೇಸಗೆಯನ್ನೂ ದಾಟಿದರೆ ಆಗ ಅನಿಮೋನ್ ಮಾತು ಎತ್ತಲಿ. ಬೇರೆಯವರ ತೊಟ್ಟಿಯಲ್ಲಿ ಒಡೆದು ಎರಡಾದ ಬಬಲ್ ಟಿಪ್ ಜಾತಿಯದು ಸಿಕ್ಕರೆ ಅದೇ ಇರಲಿ, ಗಾಜಿನೊಳಗೇ ಹುಟ್ಟಿದ್ದು ಬೇಗ ಒಗ್ಗುತ್ತದೆ. ಕಂದು ಬಣ್ಣ, ಮುಚ್ಚಿದ ಬಾಯಿ, ಗಾಜಿಗೆ ಗಟ್ಟಿಯಾಗಿ ಕಚ್ಚಿದ ಪಾದ, ಈ ಮೂರೂ ನೋಡಿ ಕೊಳ್ಳಬೇಕು. ಹವಳದ ಆಸೆಯೂ ಇದ್ದೀತು. ಕಲ್ಲಿನಂಥ ಗಟ್ಟಿ ಹವಳಗಳೆಲ್ಲ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿವೆ. ಯಾರು ತೋರಿಸಿದರೂ ಕೊಳ್ಳಬೇಡಿ.

ಅಲ್ಲಿಯವರೆಗೆ ಮಾಡಲು ಬೇರೆ ಕೆಲಸವಿದೆ. ಕ್ಲೌನ್ ಮೀನುಗಳೆಲ್ಲ ಹುಟ್ಟುತ್ತಾ ಗಂಡು. ಗುಂಪಿನಲ್ಲಿ ಎಲ್ಲಕ್ಕಿಂತ ದೊಡ್ಡದು ಹೆಣ್ಣಾಗುತ್ತದೆ, ಒಮ್ಮೆ ಹೆಣ್ಣಾದದ್ದು ಮತ್ತೆ ಗಂಡಾಗದು. ನಿಮ್ಮಲ್ಲಿ ಉಳಿದದ್ದು ಜೋಡಿಯಲ್ಲಿ ದೊಡ್ಡದೋ ಚಿಕ್ಕದೋ? ಎರಡು ತಿಂಗಳು ನೀರು ನೆಟ್ಟಗಿದ್ದರೆ ಅದಕ್ಕಿಂತ ಚಿಕ್ಕದಾದ, ಹ್ಯಾಚರಿಯಲ್ಲಿ ಹುಟ್ಟಿದ ಇನ್ನೊಂದನ್ನು ತರಲಿ. ಹೊಂದಿಕೊಂಡರೆ ಮುಂದೆ ಕಲ್ಲಿನ ಮೇಲೆ ಕಿತ್ತಳೆ ಬಣ್ಣದ ಮೊಟ್ಟೆ ಇಡುತ್ತವೆ. ಒಂದು ವಾರಕ್ಕೂ ಹೆಚ್ಚು ಕಾಲ ಗಂಡು ಮೀನು ರೆಕ್ಕೆಯಿಂದ ಬೀಸುತ್ತಾ ಕಾಯುತ್ತದೆ. ಮೊದಲ ತಿಂಗಳ ನೋಟ್‌ಬುಕ್ಕಿನ ಅಂಕಿಗಳನ್ನು ಮಗನೇ ತನ್ನ ಕೈಯಾರೆ ಬರೆದು ಕಳಿಸಲಿ, ನಾನು ಕಾಯುತ್ತಿರುತ್ತೇನೆ.

ನಿಮ್ಮ ಅಕ್ಕ