ಕುಂಡಕ್ಕೆ ಎರೆಮಣ್ಣು ಬೇಡ

ದಾವಣಗೆರೆಗೆ ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂಬ ಹೆಸರು ಬಂದದ್ದು ಹತ್ತಿ ಗಿರಣಿಗಳಿಂದ. ಹತ್ತಿ ಬೆಳೆದದ್ದು ಎರೆ ಹೊಲಗಳಲ್ಲಿ. ‘ಅಂಥ ಮಣ್ಣು ತಾರಸಿ ಮೇಲೆ ಮಾತ್ರ ಯಾಕೆ ಕೈಕೊಡುತ್ತೆ?’ ಎಂದು ಕೇಳುವವರು ಬಹಳ. ಪಾಯ ತೋಡಿದಾಗ ಬಂದ ಕರಿಮಣ್ಣನ್ನೋ, ಹರಿಹರದ ಕಡೆ ಹೊಲದಿಂದ ತರಿಸಿದ್ದನ್ನೋ ಬಕೆಟ್ಟಿಗೆ ತುಂಬಿ ಟೊಮೆಟೊ ಸಸಿ ಊರುತ್ತಾರೆ. ಸಸಿ ಸೊರಗಿದರೆ ಬೈಗುಳ ಬೀಜದ ಅಂಗಡಿಯವನಿಗೆ.

ಹೊಲದಲ್ಲಿ ಎರೆಗೆ ಆಳವಿದೆ, ಕುಂಡದಲ್ಲಿ ಇರುವುದು ಒಂದು ಅಡಿ. ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರುಕು ಬಿಡುತ್ತದೆ. ಕುಂಡದಲ್ಲಿ ಕುಗ್ಗಿದಾಗ ಮಣ್ಣಿನ ಹೆಂಟೆ ಪೂರ್ತಿಯಾಗಿ ಗೋಡೆ ಬಿಟ್ಟು ಒಳಸರಿಯುತ್ತದೆ. ಆಮೇಲೆ ಹಾಕಿದ ನೀರು ಆ ಸಂದಿಯಲ್ಲೇ ಸರ್ರನೆ ಇಳಿದು ತಳದ ತೂತಿನಿಂದ ಹೊರಬರುತ್ತದೆ. ನೋಡಿದವರಿಗೆ ‘ನೀರು ಚೆನ್ನಾಗಿ ಬಸಿಯುತ್ತಿದೆ’ ಎಂಬ ಸಮಾಧಾನ. ನಡುವಿನ ಬೇರಿಗೆ ಹನಿಯೂ ಮುಟ್ಟಿರುವುದಿಲ್ಲ. ಮಳೆಗಾಲದಲ್ಲಿ ಇದರ ತದ್ವಿರುದ್ಧ. ಉಬ್ಬಿದ ಮಣ್ಣಿನಲ್ಲಿ ಗಾಳಿಯಾಡದೆ ಬೇರು ಕೊಳೆಯುತ್ತದೆ. ಒಂದೆರಡು ಬೊಗಸೆ ಹೊಳೆ ಮರಳು ಬೆರೆಸಿದರೆ ಸರಿಹೋಗುತ್ತದೆ ಎಂಬ ಸಲಹೆಯನ್ನು ನಂಬಬೇಡಿ. ಅಷ್ಟು ಮರಳಿಗೆ ಎರೆ ಬಗ್ಗುವುದಿಲ್ಲ.

ಹಾಗಾದರೆ ಏನು ತುಂಬಬೇಕು? ಒಂದು ಬುಟ್ಟಿ ಕೆಂಪುಮಣ್ಣು, ಒಂದು ಬುಟ್ಟಿ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಹುಳು ಗೊಬ್ಬರ, ಒಂದು ಬುಟ್ಟಿ ನೆನೆಸಿ ಹಿಂಡಿದ ತೆಂಗಿನ ನಾರಿನ ಪುಡಿ. ಕುಂಡಕ್ಕೊಂದು ಹಿಡಿ ಬೇವಿನ ಹಿಂಡಿ. ಹಸಿ ಸಗಣಿ ಖಂಡಿತ ಬೇಡ. ಕಲಸಿದ್ದನ್ನು ನೀರು ಚಿಮುಕಿಸಿ ಒಂದು ವಾರ ನೆರಳಲ್ಲಿಡಿ. ಮುಷ್ಟಿಯಲ್ಲಿ ಒತ್ತಿದರೆ ಉಂಡೆಯಾಗಬೇಕು, ಬೆರಳಿನಿಂದ ತಟ್ಟಿದರೆ ಉದುರಬೇಕು. ಉದುರದಿದ್ದರೆ ಇನ್ನಷ್ಟು ನಾರಿನ ಪುಡಿ ಸೇರಿಸಿ.

ನಾರಿನ ಪುಡಿ ದುಬಾರಿ ಅನ್ನಿಸಿದರೆ ನಮ್ಮ ಕಡೆ ಅಕ್ಕಿ ಗಿರಣಿಗಳಿಗೇನು ಕಡಿಮೆ! ಅರೆಬರೆ ಸುಟ್ಟ ಕಪ್ಪು ಭತ್ತದ ಹೊಟ್ಟನ್ನು ಅರ್ಧ ಬುಟ್ಟಿ ಹಾಕಿ, ನಾರಿನ ಪುಡಿಯನ್ನು ಅರ್ಧಕ್ಕಿಳಿಸಬಹುದು. ಪೂರ್ತಿ ಉರಿದ ಬಿಳಿ ಬೂದಿ ಬೇರೆಯದೇ ಪದಾರ್ಥ. ಅದು ಕ್ಷಾರ, ಸಿಕ್ಕಾಪಟ್ಟೆ ಸುರಿದರೆ ಎಲೆ ಹಳದಿಗಟ್ಟುತ್ತದೆ. ಪುಕ್ಕಟೆ ಸಿಕ್ಕಿತೆಂದು ಮಂಡಕ್ಕಿ ಭಟ್ಟಿಯ ಬೂದಿ ಹೊತ್ತು ತರುವ ಮೊದಲು ಅಲ್ಲಿ ಏನು ಉರಿಸುತ್ತಾರೆಂದು ನೋಡಿ. ಹಳೇ ಟೈರು ಉರಿಸಿದ ಬೂದಿ ತಿನ್ನುವ ಗಿಡದ ಹತ್ತಿರ ಸುಳಿಯಲೇಬಾರದು.

ಇನ್ನು ಕುಂಡ. 20 ಲೀಟರಿನ ಪೇಂಟ್ ಬಕೆಟ್ ತೊಳೆದಿಟ್ಟುಕೊಂಡರೆ ಸಾಕು; ಟೊಮೆಟೊ, ಬದನೆ, ಮೆಣಸಿನಕಾಯಿಗೆ ಬಕೆಟ್ಟಿಗೊಂದೇ ಗಿಡ. ಇಬ್ಬರಿಗೆ ಜಾಗವಿದೆ ಎಂಬ ಆಸೆ ಬೇಡ. ಬೆಂಡೆಗೆ ಒಂದಡಿ ಆಳ, ಮೆಂತ್ಯ, ಕೊತ್ತಂಬರಿ, ಪುಂಡಿಗೆ ಅರ್ಧ ಅಡಿಯ ಅಗಲ ಟ್ರೇ. ಅಕ್ಕಿ ಚೀಲ ಬಿಸಿಲಿಗೆ ಪುಡಿಯಾಗುತ್ತದೆ, ಒಂದು ಬೆಳೆಗಷ್ಟೇ. ತಳದಲ್ಲಿ ಕಿರುಬೆರಳು ತೂರುವಷ್ಟು ಐದಾರು ತೂತು ಹಾಕಿ ಇಟ್ಟಿಗೆ ಮೇಲಿಡಿ. ನೀರು ಕುಡಿದ ಒಂದು ಬಕೆಟ್ 25 ಕಿಲೋ ತೂಗಬಹುದು, ಆದ್ದರಿಂದ ತಾರಸಿಯ ನಡುವೆ ಗುಂಪಾಗಿ ಇಡದೆ ಗೋಡೆ, ತೊಲೆಗಳ ಸಾಲಿಗೆ ಜೋಡಿಸಿ.

ಬೆಂಡೆ, ಬೀನ್ಸ್, ಸೌತೆಯ ಬೀಜ ನೇರ ಕುಂಡಕ್ಕೆ. ಟೊಮೆಟೊ, ಬದನೆಗೆ 25ರಿಂದ 30 ದಿನದ ಸಸಿ, ಸಂಜೆ ಹೊತ್ತು ನೆಡಿ. ತಳಿ ಕೇಳುವವರಿಗೆ: ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಬೆಂಡೆ ‘ಅರ್ಕಾ ಅನಾಮಿಕ’, ಟೊಮೆಟೊ ‘ಅರ್ಕಾ ರಕ್ಷಕ್’ ರೋಗ ತಡೆಯುತ್ತವೆ. ರಕ್ಷಕ್ ಹೈಬ್ರಿಡ್, ಅದರ ಹಣ್ಣಿನಿಂದ ಬೀಜ ತೆಗೆದಿಟ್ಟುಕೊಳ್ಳಬೇಡಿ. ಶುರು ಮಾಡಲು ಜೂನ್-ಜುಲೈ ಇಲ್ಲವೇ ಸೆಪ್ಟೆಂಬರ್-ಅಕ್ಟೋಬರ್ ಒಳ್ಳೆಯದು. ಆಷಾಢದ ಗಾಳಿಗೆ ಕೋಲು ಕಟ್ಟಲೇಬೇಕು. ಮಾರ್ಚ್‌ನಲ್ಲಿ ಟೊಮೆಟೊ ನೆಟ್ಟವರಿಗೆ ಹೂ ಕಾಣುತ್ತದೆ, ಕಾಯಿ ಕಾಣುವುದಿಲ್ಲ. ನಮ್ಮ ಬೇಸಿಗೆಗೆ ಹೂ ಉದುರುತ್ತದೆ. ಆಗ ಹಸಿರು ನೆರಳು ಬಲೆ ಕಟ್ಟಿ ಸೊಪ್ಪು ಬೆಳೆಯಿರಿ.

ನೀರು ಗಡಿಯಾರ ನೋಡಿ ಹಾಕಬೇಡಿ. ಬೆರಳನ್ನು ಎರಡು ಗೆಣ್ಣು ಇಳಿಸಿ, ಒಣಗಿದ್ದರೆ ಮಾತ್ರ ಹಾಕಿ. ನಲ್ಲಿ ನೀರು ದಿನಾ ಬರದ ಬಡಾವಣೆಗಳಲ್ಲಿ ಬೋರ್‌ವೆಲ್ ನೀರೇ ಗತಿ. ಅದರ ಉಪ್ಪು ಮೇಲ್ಮಣ್ಣಿನಲ್ಲಿ ಬಿಳಿಗಟ್ಟಿದರೆ ಆ ಪದರ ಕೆರೆದು ತೆಗೆದು, ಮಳೆ ನೀರಿನಿಂದ ತಳದವರೆಗೆ ತೊಳೆಯಿರಿ.

ಹೇನು, ಬಿಳಿನೊಣಕ್ಕೆ ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, ಚೂರು ಸೋಪಿನ ನೀರು. ವಾರಕ್ಕೊಮ್ಮೆ ಸಂಜೆ, ಎಲೆಯ ಅಡಿಗೆ ಸಿಂಪಡಿಸಿ. 15 ದಿನಕ್ಕೊಮ್ಮೆ ಕುಂಡಕ್ಕೊಂದು ಹಿಡಿ ಎರೆಹುಳು ಗೊಬ್ಬರ. ಬೆಂಡೆಯನ್ನು ದಿನ ಬಿಟ್ಟು ದಿನ ಕೊಯ್ಯಿರಿ, ಬಲಿಯಲು ಬಿಟ್ಟರೆ ಗಿಡ ಮುಂದಿನ ಕಾಯಿ ಕೊಡಲು ಸೋಮಾರಿಯಾಗುತ್ತದೆ. ಬೆಳೆ ಮುಗಿದ ಮಣ್ಣನ್ನು ಬಿಸಿಲಿಗೆ ಹರಡಿ, ಹೊಸ ಗೊಬ್ಬರ ಬೆರೆಸಿ ಮತ್ತೆ ಬಳಸಬಹುದು. ಟೊಮೆಟೊ ಇದ್ದ ಕುಂಡಕ್ಕೆ ಮಾತ್ರ ಬದನೆಯನ್ನಾಗಲಿ ಮೆಣಸಿನಕಾಯಿಯನ್ನಾಗಲಿ ಹಾಕಬೇಡಿ, ಮೂರೂ ಒಂದೇ ಕುಟುಂಬದವು. ಒಂದರ ರೋಗ ಇನ್ನೊಂದಕ್ಕೂ ಬರುತ್ತದೆ.